ಮೂಳೆಯ ಸೋಂಕಿಗೆ ಔಷಧದ ಮಣಿ: ಸಿಮೆಂಟಿನದೋ, ಕ್ಯಾಲ್ಸಿಯಂನದೋ?

ಬೈಕ್ ಅಪಘಾತದಲ್ಲಿ ಕಾಲಿನ ಮೂಳೆ ಮುರಿದು ಚರ್ಮ ಸೀಳಿಕೊಂಡು ಹೊರಗೆ ಬಂದಿದ್ದರೆ ಕೀವಿನ ಭಯ ಇದ್ದೇ ಇರುತ್ತದೆ. ಎಂಆರ್‌ಎಸ್‌ಎ (ಹಲವು ಆಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ) ಸೇರಿಕೊಂಡರಂತೂ ಮಾಮೂಲಿ ಆಂಟಿಬಯಾಟಿಕ್ ಕೆಲಸಕ್ಕೆ ಬರುವುದಿಲ್ಲ. ಅದಕ್ಕೆ ವ್ಯಾಂಕೊಮೈಸಿನ್ ಎಂಬ ಆಂಟಿಬಯಾಟಿಕ್‌ನ ಡ್ರಿಪ್ ಹಾಕಬಹುದು. ಆದರೆ ಸತ್ತ ಮೂಳೆಗೆ ರಕ್ತವೇ ಹೋಗುವುದಿಲ್ಲ, ಇನ್ನು ಔಷಧ ಎಲ್ಲಿಂದ ಹೋಗಬೇಕು? ಡೋಸ್ ಏರಿಸಿದರೆ ಕಿಡ್ನಿಗೆ ಪೆಟ್ಟು. ಅದಕ್ಕೇ ಸತ್ತ ಮೂಳೆಯನ್ನು ಕೆರೆದು ತೆಗೆದು, ಆ ಜಾಗಕ್ಕೆ ಔಷಧದ ಮಣಿ ತುಂಬುತ್ತೇವೆ. ಸಿಮೆಂಟಿನದು, ಕ್ಯಾಲ್ಸಿಯಂನದು, ಎರಡೂ ಬಗೆಯವನ್ನು ನಾನು ಬಳಸಿದ್ದೇನೆ.

ಸಿಮೆಂಟ್ ಮಣಿ ಹಳೆಯದು. ಕೀಲು ಬದಲಿಸುವಾಗ ಬಳಸುವ ಪಿಎಂಎಂಎ (ಒಂದು ಬಗೆಯ ಅಕ್ರಿಲಿಕ್ ಪ್ಲಾಸ್ಟಿಕ್) ಬೋನ್ ಸಿಮೆಂಟೇ ಇದು. 40 ಗ್ರಾಂ ಪ್ಯಾಕೆಟ್‌ಗೆ 2ರಿಂದ 4 ಗ್ರಾಂ ವ್ಯಾಂಕೊಮೈಸಿನ್ ಪುಡಿ ಬೆರೆಸಿ, ಉಂಡೆ ಕಟ್ಟಿ, ಸ್ಟೀಲ್ ತಂತಿಗೆ ಪೋಣಿಸುತ್ತೇವೆ. ಖರ್ಚು ಕಡಿಮೆ. ಗಟ್ಟಿಯಾಗುವಾಗ ಜಾಸ್ತಿ ಬಿಸಿಯಾಗುವುದರಿಂದ ಬಿಸಿ ತಡೆಯದ ಔಷಧಗಳು ಇದಕ್ಕೆ ಆಗುವುದಿಲ್ಲ. ನನ್ನ ದೊಡ್ಡ ತಕರಾರು ಬೇರೆ. ಮೊದಲ ಕೆಲವು ದಿನ ಔಷಧ ಚೆನ್ನಾಗಿ ಹೊರಬರುತ್ತದೆ. ಆಮೇಲೆ ತಿಂಗಳುಗಟ್ಟಲೆ ಸುಮ್ನೆ ಜಿನುಗುತ್ತಿರುತ್ತದೆ. ಬಹುಪಾಲು ಸಿಮೆಂಟಿನೊಳಗೇ ಉಳಿದುಬಿಡುತ್ತದೆ. ಬ್ಯಾಕ್ಟೀರಿಯಾ ಸಾಯುವುದಕ್ಕೆ ಸಾಲದ, ಒಗ್ಗಿಕೊಳ್ಳುವುದಕ್ಕೆ ಸಾಕಾಗುವ ಪ್ರಮಾಣ. ಔಷಧಕ್ಕೆ ಬಗ್ಗದ ತಳಿಗಳು ಬೆಳೆಯುವುದೇ ಹೀಗೆ, ಅಲ್ವಾ? ಮಣಿಯ ಮೈಮೇಲೂ ಅವು ಪೊರೆ ಕಟ್ಟಿಕೊಂಡು ಕೂರಬಹುದು. ಹಾಗಾಗಿ ಸಾಮಾನ್ಯವಾಗಿ 4–6 ವಾರಕ್ಕೆ ಇನ್ನೊಂದು ಆಪರೇಷನ್ ಮಾಡಿ ತೆಗೆಯುತ್ತೇವೆ. ಗಾಯ ಒಣಗಿದ ರೋಗಿ "ಈಗ್ಯಾಕೆ ಸಾರ್ ಮತ್ತೆ?" ಅನ್ನುತ್ತಾರೆ. ಕೆಲವರು ತಿರುಗಿ ಬರುವುದೇ ಇಲ್ಲ.

ಕ್ಯಾಲ್ಸಿಯಂ ಸಲ್ಫೇಟ್‌ನಲ್ಲಿ ಈ ಕಾಟವಿಲ್ಲ. ಇದು ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಶುದ್ಧ ರೂಪ. ಜರ್ಮನಿಯ ಸರ್ಜನ್ ಡ್ರೀಸ್‌ಮನ್ 1892ರಲ್ಲೇ ಕ್ರಿಮಿ ಕೊಲ್ಲುವ ಕಾರ್ಬಾಲಿಕ್ ಆಮ್ಲ ಬೆರೆಸಿದ ಪ್ಲಾಸ್ಟರನ್ನು ಮೂಳೆಯ ಗುಳಿಗಳಿಗೆ ತುಂಬಿದ್ದರು! ಕಲ್ಲುಸಕ್ಕರೆಯ ಹಾಗೆ ಹೊರಗಿನಿಂದ ಕರಗುತ್ತಾ, ಔಷಧ ಬಿಟ್ಟುಕೊಡುತ್ತಾ, ಸುಮಾರು 4–8 ವಾರದಲ್ಲಿ ಮಾಯವಾಗುತ್ತದೆ. ತೆಗೆಯುವ ಆಪರೇಷನ್ ಬೇಡ. ಆದರೆ ಬೆಲೆ ಜಾಸ್ತಿ. ಜೆಂಟಾಮೈಸಿನ್ ಎಂಬ ಇನ್ನೊಂದು ಆಂಟಿಬಯಾಟಿಕ್ ಸೇರಿಸಿದರೆ ಗಟ್ಟಿಯಾಗುವುದು ತಡ. ಗ್ಲೌಸ್ ಹಾಕಿಕೊಂಡು ಕಾಯುತ್ತಾ ನಿಲ್ಲಬೇಕು. ಗಾಯದಿಂದ ಕೆಲವೊಮ್ಮೆ ಬೆಳ್ಳಗಿನ ನೀರು ಸೋರುತ್ತದೆ. ಕೀವು ಅಂತ ಮನೆಯವರು ಹೆದರುತ್ತಾರೆ, ಮೊದಲೇ ಹೇಳಿಟ್ಟಿರಬೇಕು. ಮಣಿ ಜಾಸ್ತಿ ಇಟ್ಟಾಗ ರಕ್ತದ ಕ್ಯಾಲ್ಸಿಯಂ ಏರಬಹುದು. ಕಿಡ್ನಿ ತೊಂದರೆ ಇರುವವರಲ್ಲಿ ಇದನ್ನು ಪರೀಕ್ಷಿಸುತ್ತಿರುತ್ತೇನೆ.

ಇಷ್ಟಾದರೂ ಗುಳಿ ತುಂಬುವುದಕ್ಕೆ ನನ್ನ ಆಯ್ಕೆ ಕ್ಯಾಲ್ಸಿಯಂ. ಮೂಳೆಯ ದೊಡ್ಡ ತುಂಡೇ ಹೋಗಿದ್ದರೆ ಮಾತ್ರ ಸಿಮೆಂಟ್. ಅಲ್ಲಿ ಕರಗುವ ಮಣಿ ಜಾಗ ಹಿಡಿದು ನಿಲ್ಲುವುದಿಲ್ಲ. ಸಿಮೆಂಟಿನ ಸುತ್ತ ದೇಹವೇ ಬೆಳೆಸುವ ಪೊರೆಯೊಳಗೆ ಆಮೇಲೆ ಮೂಳೆ ಕಸಿ ಮಾಡಬಹುದು. ಹೇಗಿದ್ದರೂ ಎರಡನೇ ಆಪರೇಷನ್ ಬೇಕೇ ಬೇಕು, ಸಿಮೆಂಟನ್ನು ಆಗಲೇ ತೆಗೆದರಾಯಿತು.