ಸೆಗಾ ಬಾಸ್ ಫಿಶಿಂಗ್: ಆಡೋಕೆ ತಗೊಳ್ಳಿ, ಕೂಡಿಡೋಕೆ ಬೇಡ

ನೇರವಾಗಿ ಹೇಳಿಬಿಡುತ್ತೇನೆ. ಸೆಗಾ ಕಂಪನಿಯ ಹಳೇ ಗೇಮ್ ಕನ್ಸೋಲ್ ಡ್ರೀಮ್‌ಕಾಸ್ಟ್‌ನಲ್ಲಿ ಆಡುವ ಮೀನು ಹಿಡಿಯೋ ಆಟ ಸೆಗಾ ಬಾಸ್ ಫಿಶಿಂಗ್ ಕೊಳ್ಳೋದಾದರೆ ಆಡೋಕೆ ಕೊಳ್ಳಿ. ಮುಂದೆ ಒಳ್ಳೆ ರೇಟು ಬರುತ್ತೆ ಅಂತ ಬೀರುವಿನಲ್ಲಿ ಇಡೋಕೆ ಅಲ್ಲ. ಮೂಡಿಗೆರೆಯ ನಮ್ಮ ಮನೆಯಲ್ಲಿ ಇದು ಹಲವು ಮಳೆಗಾಲ ಕಂಡಿದೆ.

1997ರಲ್ಲಿ ಜಪಾನಿನ ಗೇಮ್ ಪಾರ್ಲರ್‌ಗಳಿಗೆ ಗೆಟ್ ಬಾಸ್ ಅನ್ನೋ ಹೆಸರಲ್ಲಿ ಬಂದ ಆಟ ಇದು. 1999ರಲ್ಲಿ ಡ್ರೀಮ್‌ಕಾಸ್ಟ್‌ಗೆ ಬಂತು. ಇದರ ಜೀವ ಇರೋದು ಗಾಳದ ಕಂಟ್ರೋಲರ್‌ನಲ್ಲಿ. ಹಿಡಿಯ ಪಕ್ಕದಲ್ಲಿ ನಿಜವಾಗಿ ಸುತ್ತುವ ರೀಲು, ಒಳಗೆ ಕೈ ಬೀಸಿದ್ದನ್ನು ಗುರುತಿಸುವ ಸೆನ್ಸರ್. ಕೈ ಬೀಸಿ ಆಡೋದಕ್ಕೇ ಹೆಸರಾದ ನಿಂಟೆಂಡೊ ವೀ ಕನ್ಸೋಲ್ ಬಂದಿದ್ದು 2006ರಲ್ಲಿ, ನೆನಪಿರಲಿ. ಬೀಸಿದರೆ ಗಾಳ ದೂರ ಬೀಳುತ್ತೆ, ಕ್ಯಾಮೆರಾ ನೀರೊಳಗೆ ಇಳಿಯುತ್ತೆ. ದಪ್ಪನೆಯ ಬಾಸ್ ಮೀನೊಂದು ಸುಳ್ಳು ಹುಳದ ಹಿಂದೆ ಬಂದು, ಅನುಮಾನ ಪಟ್ಟು, ತಿರುಗಿ ಹೋಗೋದು ಕಾಣುತ್ತೆ. ಕಚ್ಚಿದರೆ ಹಿಡಿ ಗಡಗಡ ನಡುಗುತ್ತೆ. ಆಗ ಗಾಬರಿಯಲ್ಲಿ ಒಂದೇ ಸಮ ಸುತ್ತಿದರೆ ದಾರ ಕಡಿದು ಹೋಗುತ್ತೆ. ಬಿಡಬೇಕು, ಎಳೀಬೇಕು. ಅಷ್ಟೇ ಆಟ. ಆದರೆ ಕರೆಂಟ್ ಇದ್ದ ಮಳೆ ಸಂಜೆಯಲ್ಲಿ ತಮ್ಮನ ಮಗ "ದೊಡ್ಡಪ್ಪ, ಬಿಡು ಬಿಡು, ಕಡಿಯುತ್ತೆ!" ಅಂತ ಕೂಗ್ತಾ ಪಕ್ಕದಲ್ಲಿ ಕುಣಿಯುತ್ತಿದ್ದರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಅಮ್ಮನದು ಒಂದೇ ತಕರಾರು: "ಇಷ್ಟೆಲ್ಲ ಹಿಡಿದು ಒಂದು ಹೊತ್ತಿನ ಮೀನು ಸಾರಿಗೂ ಆಗ್ಲಿಲ್ವಲ್ಲೋ."

ಆಟದ ಗ್ರಾಫಿಕ್ಸ್, ಸಂಗೀತದ ಬಗ್ಗೆ ಜಾಸ್ತಿ ಹೇಳಲ್ಲ. ಆ ಕಾಲಕ್ಕೆ ಚೆನ್ನಾಗಿತ್ತು, ಈಗಲೂ ಕಣ್ಣಿಗೆ ಚುಚ್ಚಲ್ಲ.

ತೊಂದರೆ ಕೊಟ್ಟಿದ್ದು ನಮ್ಮೂರ ಥಂಡಿ. ಜುಲೈನಲ್ಲಿ ಕನ್ಸೋಲ್ ಆಟದ ಮಧ್ಯೆ ತಾನೇ ರೀಸೆಟ್ ಆಗೋಕೆ ಶುರುವಾಯಿತು. ಡ್ರೀಮ್‌ಕಾಸ್ಟ್‌ಗೆ ಇದು ಹಳೇ ಕಾಯಿಲೆ. ಪವರ್ ಸಪ್ಲೈ ಬೋರ್ಡ್ ಕೂರುವ ಪಿನ್‌ಗಳ ಮೇಲೆ ಕಿಲುಬು ಕಟ್ಟುತ್ತೆ. ಬಿಚ್ಚಿ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಉಜ್ಜಿ, ಒಣಗಿಸಿ ಕೂರಿಸಿದ ಮೇಲೆ ಸರಿಹೋಯಿತು. ಇನ್ನೊಂದು ಮಾತು, ಆನ್ ಇದ್ದಾಗ ಕಂಟ್ರೋಲರ್ ಕಿತ್ತು ಚುಚ್ಚಬೇಡಿ. ಒಳಗಿನ ಸಣ್ಣ ಫ್ಯೂಸ್ ಹೋದರೆ ನಾಲ್ಕೂ ಪೋರ್ಟ್ ಸತ್ತಂತೆ. ಅಮೆರಿಕದ ಸೆಟ್ ಆದರೆ 110 ವೋಲ್ಟ್, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಆ ಕನ್ಸೋಲ್‌ಗೆ ಜಪಾನಿನ ಡಿಸ್ಕ್ ತಂದರೆ ಹಾಗೇ ಓಡಲ್ಲ, ಒಂದು ದೇಶದ ಡಿಸ್ಕ್ ಇನ್ನೊಂದು ಕಡೆಯ ಸೆಟ್‌ನಲ್ಲಿ ಓಡದಂತೆ ರೀಜನ್ ಲಾಕ್ ಇದೆ.

ಇನ್ನು ಬೆಲೆ. 2021ರಲ್ಲಿ ನಿಂಟೆಂಡೊದ ಹಳೇ ಗೇಮ್ ಸೂಪರ್ ಮಾರಿಯೊ 64ರ ಸೀಲ್ ಒಡೆಯದ ಪ್ರತಿ ಹರಾಜಿನಲ್ಲಿ 15 ಲಕ್ಷ ಡಾಲರ್ ದಾಟಿದ್ದೇ ತಡ, ಅಟ್ಟದ ಮೇಲಿನ ಹಳೇ ಗೇಮೆಲ್ಲ ಚಿನ್ನ ಅನ್ನೋ ಭ್ರಮೆ ಹಬ್ಬಿತು. ಸೆಗಾ ಬಾಸ್ ಫಿಶಿಂಗ್ ಆ ಜಾತಿಯದ್ದಲ್ಲ. ಡಿಸ್ಕ್ ಅಪರೂಪದ್ದೇನಲ್ಲ. ಮೇಲಾಗಿ ಇದೇ ಆಟ 2008ರಲ್ಲಿ ವೀಗೆ, ಆಮೇಲೆ ಕಂಪ್ಯೂಟರಿಗೂ ಬಂತು. ಸುಮ್ನೆ ಆಡಬೇಕು ಅನ್ನೋರಿಗೆ ಡ್ರೀಮ್‌ಕಾಸ್ಟ್ ಡಿಸ್ಕೇ ಬೇಕು ಅಂತೇನಿಲ್ಲ. ಬೆಲೆ ನಿಲ್ಲೋದು ಗಾಳದ ಕಂಟ್ರೋಲರ್‌ಗೆ. ಅದೂ ಸೆಗಾದ್ದೇ ಆಗಿದ್ದು, ಡಬ್ಬದ ಸಮೇತ ಇದ್ದರೆ. ಬೇರೆ ಕಂಪನಿಗಳ ಕಂಟ್ರೋಲರ್‌ಗಳೂ ಇವೆ, ಅವಕ್ಕೆ ಆ ಮರ್ಯಾದೆ ಇಲ್ಲ. ವಿದೇಶದಿಂದ ತರಿಸಿದರೆ ಕೊರಿಯರ್, ಕಸ್ಟಮ್ಸ್ ಸೇರಿ ಮೂಗಿಗಿಂತ ಮೂಗುತಿ ಭಾರ.

ಮಲೆನಾಡಲ್ಲಿ ಕೂಡಿಡೋದಂತೂ ಕಷ್ಟ. ರಟ್ಟಿನ ಡಬ್ಬಕ್ಕೆ ಒಂದೇ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತೆ, ಆಟದ ಜೊತೆ ಬರೋ ಪುಸ್ತಕದ ಹಾಳೆ ಅಲೆಅಲೆಯಾಗಿ ಏಳುತ್ತೆ. ನಾನು ಎಲ್ಲವನ್ನೂ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಡಬ್ಬದಲ್ಲಿಟ್ಟಿದ್ದೇನೆ. ಹಾಸನದ ಕಡೆಯವರಿಗೆ ಇಷ್ಟು ರಗಳೆ ಇರಲಿಕ್ಕಿಲ್ಲ.

ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದರೆ ಡಿಸ್ಕಿನ ಗೀರಿಗಿಂತ ಮೊದಲು ರೀಲು ನೋಡಿ. ಕರಕರ ಸದ್ದು ಬಂದರೆ ಒಳಗಿನ ಹಲ್ಲು ಸವೆದಿರಬಹುದು. ಮಾರುವವರಿಗೆ ರೀಲು ಸುತ್ತಿ, ಮೀನು ಹಿಡಿಯೋ ವಿಡಿಯೊ ಕಳಿಸೋಕೆ ಹೇಳಿ. ಅದಕ್ಕೆ ಮೀನ ಮೇಷ ಎಣಿಸಿದರೆ ಆ ಸೆಟ್ ಬಿಟ್ಟುಬಿಡಿ, ಇನ್ನೊಂದು ಸಿಗುತ್ತೆ.