ಅಕ್ಕಿ ಅಂಗಡಿಯ ವೆಬ್‌ಸೈಟ್‌ಗೆ ಆನ್-ಪೇಜ್ ಎಸ್‌ಇಒ ಮಾಡಿಸಿದೆವು: ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ಗಂಗಾವತಿಯಲ್ಲಿ ನಮ್ಮ ಮಾವನದು ಅಕ್ಕಿ ವ್ಯಾಪಾರ. ವೆಬ್‌ಸೈಟ್ ನೋಡಿಕೊಳ್ಳೋದು ನನ್ನ ಪಾಲಿಗೆ ಬಂದಿದೆ. ಅಂಗಡಿ ಹೆಸರು ಹಾಕದೆ ಹುಡುಕಿದರೆ ಗೂಗಲ್‌ನಲ್ಲಿ ನಮ್ಮ ಸೈಟ್ ಎಲ್ಲೂ ಕಾಣ್ತಾ ಇರಲಿಲ್ಲ, ಅದಕ್ಕೆ ಕೊಪ್ಪಳದ ಒಂದು ಸಣ್ಣ ತಂಡಕ್ಕೆ ಆನ್-ಪೇಜ್ ಎಸ್‌ಇಒ ಕೆಲಸ ಕೊಟ್ಟೆವು. ಒಂದು ಸಲದ ಕೆಲಸಕ್ಕೆ 15,000 ರೂಪಾಯಿ. ಆಮೇಲೆ ತಿಂಗಳಿಗೆ 4,000 ಕೊಟ್ಟರೆ ಮುಂದುವರಿಸ್ತೀವಿ ಅಂದರು. ಮೊದಲನೆಯದರಲ್ಲಿ ದುಡ್ಡು ವಸೂಲಾಯಿತು, ಎರಡನೆಯದು ಬೇಡ ಅಂದೆವು. ತಂಡದ ಹೆಸರು ಹಾಕಲ್ಲ, ಯಾಕಂದರೆ ಕೆಳಗೆ ಬೈದಿದ್ದೂ ಇದೆ, ಹುಡುಗರು ಮಾತ್ರ ಒಳ್ಳೆಯವರು.

ಗೊತ್ತಿಲ್ಲದವರಿಗೆ: ಎಸ್‌ಇಒ ಅಂದರೆ ಗೂಗಲ್ ಹುಡುಕಾಟದಲ್ಲಿ ನಮ್ಮ ಸೈಟ್ ಕಾಣೋ ಹಾಗೆ ಮಾಡೋ ಕೆಲಸ. ಅದರಲ್ಲಿ ಆನ್-ಪೇಜ್ ಅಂದರೆ ನಮ್ಮ ಪುಟದೊಳಗೇ ನಾವು ಸರಿ ಮಾಡಿಕೊಳ್ಳಬಹುದಾದ್ದು. ಟೈಟಲ್, ಬರಹ, ಫೋಟೋ, ಒಳಗಿನ ಲಿಂಕು, ಪುಟದ ವಿಳಾಸ, ಪುಟ ತೆರೆಯೋ ವೇಗ, ಇಷ್ಟೇ. ಬೇರೆ ಸೈಟ್‌ನವರಿಂದ ಲಿಂಕ್ ತರೋದು, ಮ್ಯಾಪ್‌ನಲ್ಲಿ ಅಂಗಡಿ ಹಾಕೋದು ಇದರಲ್ಲಿ ಬರಲ್ಲ. ಮೊದಲೇ ಕೇಳಿಕೊಳ್ಳಿ, ಇಲ್ಲಾಂದ್ರೆ ಅರ್ಧ ಕೆಲಸ ಆದಮೇಲೆ "ಅದು ಬ್ಯಾರೆ ಚಾರ್ಜ್ ಆಗ್ತೈತ್ರಿ" ಅಂತಾರೆ.

ನಮ್ಮ ಸೈಟ್‌ಗೆ ಇದ್ದ ದೊಡ್ಡ ರೋಗ ಕನ್ನಡ ಫಾಂಟ್‌ದು. ಇದು ನಮ್ಮ ಕಡೆ ಎಷ್ಟೋ ಸೈಟ್‌ಗಳಲ್ಲಿ ಇರುತ್ತೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ. ಅಂಗಡಿಯ ಹಳೇ ಕರಪತ್ರವನ್ನು ಡಿಟಿಪಿ ಸೆಂಟರ್‌ನಲ್ಲಿ ನುಡಿ ತಂತ್ರಾಂಶದ ಹಳೇ ಆಸ್ಕಿ ಫಾಂಟ್‌ನಲ್ಲಿ (ಇಂಗ್ಲಿಷ್ ಅಕ್ಷರದ ಸಂಕೇತಕ್ಕೇ ಕನ್ನಡದ ಆಕಾರ ತೊಡಿಸಿದ ಫಾಂಟ್) ಟೈಪ್ ಮಾಡಿಸಿದ್ದರು. ಅಚ್ಚಿಗೆ ಅದು ಸರಿ. ಆದರೆ ಅದೇ ಬರಹವನ್ನು ವೆಬ್‌ಸೈಟ್‌ಗೆ ಅಂಟಿಸಿದರೆ ಕನ್ನಡ ಬರಲ್ಲ, ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಸೇರಿ ಕಲಸುಮೇಲೋಗರ ಆಗುತ್ತೆ. ಆಗ ಸೈಟ್ ಮಾಡಿಕೊಟ್ಟಿದ್ದವರು ಸುಮ್ನೆ ಕರಪತ್ರವನ್ನೇ ಫೋಟೋ ಮಾಡಿ ಪುಟಕ್ಕೆ ಹಾಕಿ ಕೈ ತೊಳೆದುಕೊಂಡಿದ್ದರು. ನೋಡೋರಿಗೆ ಚೆನ್ನಾಗೇ ಕಾಣುತ್ತಿತ್ತು. ಪುಟದ ಕೋಡ್ ತೆಗೆದು ನೋಡಿದರೆ ಒಂದೇ ಒಂದು ಕನ್ನಡ ಪದ ಇಲ್ಲ! ಮುಖ್ಯ ವಿಷಯವನ್ನು ಚಿತ್ರದೊಳಗೆ ಇಡಬೇಡಿ, ಅಕ್ಷರವಾಗಿಯೇ ಬರೆಯಿರಿ ಅಂತ ಗೂಗಲ್‌ನವರೇ ಹೇಳ್ತಾರೆ. ಈ ತಂಡ ಎಲ್ಲವನ್ನೂ ಯೂನಿಕೋಡ್‌ಗೆ, ಅಂದರೆ ಯಾವ ಫೋನ್, ಕಂಪ್ಯೂಟರ್‌ನಲ್ಲೂ ಕನ್ನಡವಾಗೇ ಕಾಣೋ ಅಕ್ಷರಕ್ಕೆ ತಂದಿತು. ಕನ್ವರ್ಟರ್‌ಗೆ ಹಾಕಿ ಬಿಟ್ಟುಬಿಡಲಿಲ್ಲ, ಕೂತು ಓದಿ ತಿದ್ದಿದರು. ಕನ್ವರ್ಟ್ ಮಾಡುವಾಗ ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂರುತ್ತೆ, ಡಿಟಿಪಿ ಮಾಡಿದವರಿಗೆ ಗೊತ್ತಿರುತ್ತೆ. ನನ್ನ ಲೆಕ್ಕದಲ್ಲಿ ಅರ್ಧ ದುಡ್ಡು ಇದಕ್ಕೇ ಸಂದಿತು.

ಟೈಟಲ್ ಟ್ಯಾಗ್, ಅಂದರೆ ಗೂಗಲ್‌ನಲ್ಲಿ ದಪ್ಪಗೆ ಕಾಣೋ ಪುಟದ ಹೆಸರು, ಅದರ ಕಥೆ ಇನ್ನೂ ಚಂದ. ನಮ್ಮ ಎಲ್ಲ ಪುಟಕ್ಕೂ "ಹೋಮ್" ಅಂತಲೇ ಇತ್ತು. ಗೋಡೌನ್‌ನಲ್ಲಿ ಎಲ್ಲ ಚೀಲಕ್ಕೂ ಒಂದೇ ಮಾರ್ಕ್ ಹೊಡೆದ ಹಾಗೆ, ಯಾವುದರಲ್ಲಿ ಏನಿದೆ ಅಂತ ಹೊರಗಿನಿಂದ ತಿಳಿಯೋ ದಾರಿಯೇ ಇಲ್ಲ. ಈಗ "ಗಂಗಾವತಿ ಸೋನಾ ಮಸೂರಿ ಹಳೆ ಅಕ್ಕಿ, 25 ಕೆಜಿ ಚೀಲ" ಅಂತ ಒಂದೊಂದು ಪುಟಕ್ಕೂ ಅದರದೇ ಟೈಟಲ್ ಇದೆ, ಕೊನೆಗೆ ಅಂಗಡಿ ಹೆಸರು. ಇಷ್ಟೇ ಅಕ್ಷರ ಇರಬೇಕು ಅಂತ ಗೂಗಲ್ ನಿಯಮ ಇಟ್ಟಿಲ್ಲ, ಉದ್ದ ಆದರೆ ಫೋನ್ ಪರದೆಯಲ್ಲಿ ಬಾಲ ಕತ್ತರಿಸಿ ಹೋಗುತ್ತೆ ಅಷ್ಟೇ. ಮುಖ್ಯವಾದ್ದು ಮುಂದೆ ಇರಲಿ. ಟೈಟಲ್ ಕೆಳಗೆ ಬರೋ ಸಣ್ಣ ವಿವರಣೆ, ಮೆಟಾ ಡಿಸ್ಕ್ರಿಪ್ಷನ್ ಕೂಡ ಬರೆದುಕೊಟ್ಟರು. ಅದರಿಂದ ರ‍್ಯಾಂಕ್ (ಹುಡುಕಾಟದಲ್ಲಿ ನಮ್ಮ ಸ್ಥಾನ) ಏರಲ್ಲ, ಹುಡುಕಿದವರು ಓದಿ ಒತ್ತಬಹುದು ಅನ್ನೋದಕ್ಕೆ. ಎಷ್ಟೋ ಸಲ ಗೂಗಲ್ ಅದನ್ನೂ ಬಿಟ್ಟು ಪುಟದೊಳಗಿನ ಬೇರೆ ಸಾಲನ್ನೇ ತೋರಿಸುತ್ತೆ.

ಫೋಟೋ ವಿಷಯಕ್ಕೆ ಬಂದರೆ, ಚೀಲ ಪೇರಿಸಿಟ್ಟ ಒಂದು ದೊಡ್ಡ ಫೋಟೋ ಮೊದಲ ಪುಟದಲ್ಲಿತ್ತು, ಮೊಬೈಲ್‌ನಲ್ಲಿ ಹೊಡೆದಿದ್ದನ್ನು ಹಾಗೇ ಏರಿಸಿದ್ದು. ಟೆಕ್ನಿಕಲ್ ಕೆಲಸ ನೋಡೋ ಹುಡುಗ ಅದನ್ನು ತೋರಿಸಿ "ಅಣ್ಣಾರ, ಇದೊಂದ ಫೋಟೋ ಐದು ಎಂಬಿ ಐತ್ರಿ, ಕ್ಯಾಂಪಿನ್ಯಾಗ ಕುಂತೋರ ಫೋನಿನ್ಯಾಗ ಇದು ಯಾವಾಗ ತೆರಿಬೇಕ್ರಿ?" ಅಂದ. (ಕ್ಯಾಂಪ್ ಅಂದರೆ ನಮ್ಮ ಕಡೆಯ ಸಣ್ಣ ಊರು.) ಅಗಲ ಕಡಿಮೆ ಮಾಡಿ, ವೆಬ್‌ಪಿ ಅನ್ನೋ ಹಗುರದ ಫೋಟೋ ಫಾರ್ಮ್ಯಾಟ್ ಮಾಡಿ, ನೂರೈವತ್ತು ಕೆಬಿ ಒಳಗೆ ತಂದ. ಚೀಲದ ಮೇಲಿನ ಅಕ್ಷರ ಈಗಲೂ ಸ್ಪಷ್ಟವಾಗೇ ಕಾಣುತ್ತೆ. ಪುಟದ ಮುಖ್ಯ ಭಾಗ 2.5 ಸೆಕೆಂಡ್ ಒಳಗೆ ಕಾಣಬೇಕು ಅನ್ನೋದು ಗೂಗಲ್‌ನ ಅಳತೆ. ಒತ್ತಿದ್ದಕ್ಕೆ ಪುಟ 200 ಮಿಲಿಸೆಕೆಂಡ್ ಒಳಗೆ ಸ್ಪಂದಿಸಬೇಕು ಅನ್ನೋದು ಇನ್ನೊಂದು, ಇದು 2024ರ ಮಾರ್ಚ್‌ನಲ್ಲಿ ಹಳೇ ಅಳತೆಯ ಜಾಗಕ್ಕೆ ಬಂತು. ಗೂಗಲ್‌ನದೇ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಸೈಟ್ ವಿಳಾಸ ಹಾಕಿದರೆ ನೀವೇ ಪುಕ್ಕಟೆ ನೋಡಬಹುದು, ಇದಕ್ಕೆ "ಆಡಿಟ್ ಫೀಸ್" ಅಂತ ಯಾರಾದರೂ ಕೇಳಿದರೆ ಕೊಡಬೇಡಿ. ಒಂದು ಎಡವಟ್ಟು ಆಗಿತ್ತು: ಎಲ್ಲ ಫೋಟೋಗೂ ಲೇಜಿ ಲೋಡಿಂಗ್ (ಕೆಳಗೆ ಸರಿಸಿ ಅಲ್ಲಿಗೆ ಬಂದಾಗ ಮಾತ್ರ ಫೋಟೋ ತೆರೆಯೋದು) ಹಾಕಿ, ಮೇಲಿನ ಮುಖ್ಯ ಫೋಟೋವನ್ನೂ ಅದರಲ್ಲೇ ಸೇರಿಸಿಬಿಟ್ಟಿದ್ದ. ಕೆಳಗಿರೋ ಫೋಟೋಗೆ ಅದು ಒಳ್ಳೇದು, ಮೊದಲು ಕಾಣೋದಕ್ಕೆ ಹಾಕಿದರೆ ಅದೇ ತಡ ಆಗುತ್ತೆ. ಹೇಳಿದ ಮೇಲೆ ತೆಗೆದ. ಫೋಟೋಗೆ ಕೋಡ್‌ನಲ್ಲಿ ಕೊಡೋ ವಿವರಣೆ, ಆಲ್ಟ್ ಟೆಕ್ಸ್ಟ್ ಮಾತ್ರ ಚೆನ್ನಾಗಿ ಬರೆದಿದ್ದಾರೆ, ಫೋಟೋದಲ್ಲಿ ಏನಿದೆಯೋ ಅದನ್ನೇ, ಕಣ್ಣು ಕಾಣದವರು ಸ್ಕ್ರೀನ್ ರೀಡರ್‌ನಲ್ಲಿ ಕೇಳಿದರೂ ಅರ್ಥ ಆಗೋ ಹಾಗೆ.

ನನಗೆ ತುಂಬ ಹಿಡಿಸಿದ್ದು ಬರಹದ ಕೆಲಸ. ಬರೆಯೋಕೆ ಬಂದಿದ್ದ ಹೆಣ್ಮಗಳು ಲ್ಯಾಪ್‌ಟಾಪ್ ತೆಗೆಯೋ ಮೊದಲು ಅಂಗಡಿಯಲ್ಲಿ ಕೂತು, ಫೋನ್ ಮಾಡೋ ಗಿರಾಕಿಗಳು ಏನೇನು ಕೇಳ್ತಾರೆ ಅಂತ ಬರೆದುಕೊಂಡರು. ಹೊಸ ಅಕ್ಕಿನಾ ಹಳೇದಾ, ಸ್ಟೀಮಾ ಕಚ್ಚಾನಾ, ಚಿತ್ರಾನ್ನಕ್ಕೆ ಯಾವುದು, ನುಚ್ಚು ಸಿಗುತ್ತಾ. "ಕಾಕಾರ, ನೀರಿನ ಅಳತಿ ಹೆಂಗ್ರಿ?" ಅಂತ ಮಾವನನ್ನೇ ಕೇಳಿದರು. ಮಾವ "ಹೊಸಾದಕ್ಕ ಕಡಿಮಿ ಹಾಕವ್ವಾ, ಇಲ್ಲಂದ್ರ ಮುದ್ದಿ ಆಕ್ಕೈತಿ. ಹಳೇದು ನೀರು ಕುಡಿತೈತಿ, ಅನ್ನಾನೂ ಜಾಸ್ತಿ ಆಕ್ಕೈತಿ" ಅಂದ. ಅದೇ ಒಂದು ಪುಟ ಆಯಿತು. ಜನ ಕೇಳೋ ಪ್ರಶ್ನೆಯೇ ಹೆಡ್ಡಿಂಗ್, ಕೆಳಗೆ ನೇರ ಉತ್ತರ, ಅಲ್ಲಿಂದ ಹಳೆ ಅಕ್ಕಿ ಪುಟಕ್ಕೆ ಲಿಂಕು. ಲಿಂಕ್ ಮೇಲೂ "ಇಲ್ಲಿ ಕ್ಲಿಕ್ ಮಾಡಿ" ಅಂತ ಇಲ್ಲ, "ಹಳೆ ಸೋನಾ ಮಸೂರಿ ದರ" ಅಂತಲೇ ಇದೆ. ಇದನ್ನು ಬೆಂಗಳೂರಲ್ಲಿ ಕೂತು ಬರೆಯೋಕೆ ಆಗ್ತಿತ್ತಾ? ನನಗೆ ಅನುಮಾನ.

ಈಗ ಬೈಯೋ ಭಾಗ. ಅದೇ ತಂಡದ ಇನ್ನೊಬ್ಬ ಈ ಚಂದದ ಬರಹವನ್ನು ತೆಗೆದುಕೊಂಡು ಪ್ರತಿ ಸಾಲಿನಲ್ಲೂ "ಗಂಗಾವತಿ ಸೋನಾ ಮಸೂರಿ ಅಕ್ಕಿ" ತುರುಕಿದ. ಕೇಳಿದರೆ ಡೆನ್ಸಿಟಿ (ಹುಡುಕೋ ಪದ ಎಷ್ಟು ಸಲ ಬಂತು ಅನ್ನೋ ಲೆಕ್ಕ) ಬರಬೇಕು, ಸೈಟ್‌ಗೆ ಹಾಕಿದ ಎಸ್‌ಇಒ ಪ್ಲಗಿನ್‌ನಲ್ಲಿ ಹಸಿರು ದೀಪ ಹತ್ತಬೇಕು ಅಂತಾನೆ. ಆ ದೀಪ ಪ್ಲಗಿನ್ ಮಾಡಿದವರದು, ಗೂಗಲ್‌ದಲ್ಲ. ಸಾಲದು ಅಂತ ಪುಟದ ಬುಡದಲ್ಲಿ ಬೆಂಗಳೂರು, ಹುಬ್ಬಳ್ಳಿ, ಬಳ್ಳಾರಿ, ರಾಯಚೂರು, ಸಿಂಧನೂರು, ಕಾರಟಗಿ ಅಂತ ಊರುಗಳ ಮೆರವಣಿಗೆ. ಹೀಗೆ ಊರ ಹೆಸರು ಗುಡ್ಡೆ ಹಾಕೋದನ್ನು ಗೂಗಲ್ ತನ್ನ ಸ್ಪ್ಯಾಮ್ ನೀತಿಯಲ್ಲಿ ಉದಾಹರಣೆಯಾಗಿ ಕೊಟ್ಟು ಬೇಡ ಅಂದಿದೆ. ಎರಡನ್ನೂ ತೆಗೆಸಿದೆ. ಬಿಲ್‌ನಲ್ಲಿ "ಮೆಟಾ ಕೀವರ್ಡ್ಸ್" ಅಂತ, ಅಂದರೆ ಪುಟದ ಕೋಡ್‌ನಲ್ಲಿ ಮರೆಯಾಗಿ ಬರೆಯೋ ಪದಗಳ ಪಟ್ಟಿಗೆ, ಬೇರೆ ಒಂದು ಸಾಲು ಇತ್ತು. ಅದನ್ನು ರ‍್ಯಾಂಕಿಂಗ್‌ಗೆ ಬಳಸಲ್ಲ ಅಂತ ಗೂಗಲ್ 2009ರಲ್ಲೇ ಹೇಳಿಯಾಗಿದೆ, ಮಾರಾಯ್ರೇ! ಎಫ್‌ಎಕ್ಯೂ ಸ್ಕೀಮಾ (ಪುಟದ ಪ್ರಶ್ನೋತ್ತರಗಳನ್ನು ಗೂಗಲ್‌ಗೆ ಗುರುತು ಹಚ್ಚಿ ತೋರಿಸೋ ಕೋಡ್) ಹಾಕಿದರೆ ಗೂಗಲ್‌ನಲ್ಲಿ ನಮ್ಮ ಹೆಸರಿನ ಕೆಳಗೆ ಪ್ರಶ್ನೆಗಳು ಸಾಲಾಗಿ ಬರ್ತಾವೆ ಅಂತಲೂ ಆಸೆ ತೋರಿಸಿದ್ದರು. 2023ರ ಆಗಸ್ಟ್‌ನಲ್ಲೇ ಗೂಗಲ್ ಅದನ್ನು ಹೆಸರಾಂತ ಸರ್ಕಾರಿ, ಆರೋಗ್ಯ ಸೈಟ್‌ಗಳಿಗೆ ಮಾತ್ರ ಅಂತ ಕಟ್ ಮಾಡಿತು. ಅಕ್ಕಿ ಅಂಗಡಿಗೆ ಎಲ್ಲಿಂದ ಬರುತ್ತೆ?

ಆದರೆ ನಿಜವಾಗಲೂ ನಷ್ಟ ಆಗಿದ್ದು ವಿಳಾಸ ಬದಲಾಯಿಸಿದ್ದರಿಂದ. ಪುಟದ ವಿಳಾಸಗಳಲ್ಲಿ ಬರೀ ನಂಬರ್ ಇದ್ದವು, ಓದೋ ಹಾಗೆ ಮಾಡಿದರು, ಸರಿ. ಆದರೆ ಹಳೇ ವಿಳಾಸ ಒತ್ತಿದವರನ್ನು ತಾನೇ ಹೊಸದಕ್ಕೆ ಕಳಿಸೋ 301 ರೀಡೈರೆಕ್ಟ್ ಹಾಕಲೇ ಇಲ್ಲ. ವಾಟ್ಸಾಪ್ ಗುಂಪುಗಳಲ್ಲಿ ಮಾವ ಹಂಚಿದ್ದ ದರದ ಲಿಂಕುಗಳೆಲ್ಲ ಒಂದೇ ರಾತ್ರಿಯಲ್ಲಿ 404, ಅಂದರೆ "ಪುಟ ಸಿಗಲಿಲ್ಲ" ಆದವು. ಹೋಟೆಲ್‌ನವರೊಬ್ಬರು "ಅಂಗಡಿ ಬಂದ್ ಮಾಡಿದ್ರೇನ್ರಿ?" ಅಂತ ಫೋನ್ ಮಾಡಿದಾಗಲೇ ನಮಗೆ ಗೊತ್ತಾಗಿದ್ದು. ಹುಡುಗರು ಸರಿ ಮಾಡಿಕೊಟ್ಟರು, ಒಂದೆರಡು ಸಲ ಜೋರು ಮಾಡಬೇಕಾಯಿತು.

ಫಲ ಏನು ಅಂದರೆ, ಮೊದಲು ಅಂಗಡಿ ಹೆಸರು ಹಾಕಿ ಹುಡುಕಿದರೆ ಮಾತ್ರ ಬರ್ತಿದ್ದೆವು. ಈಗ ಸರ್ಚ್ ಕನ್ಸೋಲ್‌ನಲ್ಲಿ (ಯಾವ ಹುಡುಕಾಟಕ್ಕೆ ನಮ್ಮ ಸೈಟ್ ಕಂಡಿತು ಅಂತ ಸೈಟ್ ಮಾಲೀಕರಿಗೆ ತೋರಿಸೋ ಗೂಗಲ್‌ನ ಸೇವೆ) ನೋಡಿದರೆ ಹಳೆ ಅಕ್ಕಿ ದರ, ಹೊಸ ಅಕ್ಕಿಗೆ ನೀರು, ಇಂಥ ಕನ್ನಡ ಹುಡುಕಾಟಕ್ಕೂ ನಮ್ಮ ಪುಟ ಕಾಣಿಸಿಕೊಳ್ತಿದೆ. ಬರೀ ಸೋನಾ ಮಸೂರಿ ಅಂತ ಇಂಗ್ಲಿಷ್‌ನಲ್ಲಿ ಹುಡುಕಿದರೆ ದೊಡ್ಡ ಶಾಪಿಂಗ್ ಸೈಟ್‌ಗಳೇ ಮೇಲೆ, ಅಲ್ಲಿ ನಾವು ಎಲ್ಲೂ ಇಲ್ಲ. ಅದು ಆನ್-ಪೇಜ್‌ನಿಂದ ಆಗೋ ಕೆಲಸವೂ ಅಲ್ಲ. ನಂಬರ್ ಒನ್ ಗ್ಯಾರಂಟಿ ಅನ್ನೋರು ಸಿಕ್ಕರೆ ಚಹಾ ಕುಡಿಸಿ ಕಳಿಸಿ.

ತಿಂಗಳ ಪ್ಯಾಕೇಜ್‌ನಲ್ಲಿ ಇದ್ದದ್ದು ಬಣ್ಣಬಣ್ಣದ ಪಿಡಿಎಫ್ ರಿಪೋರ್ಟ್, ಅಷ್ಟನ್ನು ಸರ್ಚ್ ಕನ್ಸೋಲ್ ಪುಕ್ಕಟೆ ಕೊಡುತ್ತೆ, 16 ತಿಂಗಳ ಲೆಕ್ಕ ಇಟ್ಟುಕೊಂಡಿರುತ್ತೆ. ಆ ಖಾತೆಯ ಓನರ್ ನಿಮ್ಮ ಮೇಲ್ ಐಡಿಯೇ ಆಗಿರಲಿ, ಸೈಟ್ ಪಾಸ್‌ವರ್ಡ್ ಕೂಡ. ವಿಳಾಸ ಬದಲಾಯಿಸೋದಾದರೆ ಹಳೇದು ಹೊಸದು ಎರಡರ ಪಟ್ಟಿ ಮೊದಲು ಕೈಗೆ ಕೊಡಿ ಅನ್ನಿ, ಕೊನೆಯ ಕಂತು ಅದನ್ನು ಒಂದೊಂದಾಗಿ ಒತ್ತಿ ನೋಡಿದ ಮೇಲೆ ಕೊಡಿ. ನಾವು ಈಗ ಆ ಬರೆಯೋ ಹೆಣ್ಮಗಳಿಗೆ ಮಾತ್ರ ಪುಟಕ್ಕೆ ಇಷ್ಟು ಅಂತ ಕೊಟ್ಟು ಬರೆಸ್ತಿದ್ದೀವಿ, ಮುಂದಿನದು ದೋಸೆಗೆ ಯಾವ ಅಕ್ಕಿ ಅನ್ನೋದು.