ಜಾಸ್ಪ್: ಎರಡು ಚಲಕಗಳ ನಂಟು ಅಳೆಯುವ ಉಚಿತ ತಂತ್ರಾಂಶ

ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ನಾನು ಎರಡು ವರ್ಷಗಳಿಂದ ಪ್ರಯೋಗಾಲಯದಲ್ಲಿ ಜಾಸ್ಪ್ ತಂತ್ರಾಂಶವನ್ನು ಬಳಸುತ್ತಿದ್ದೇನೆ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಇದಕ್ಕೆ ಹಣ ಕೊಡಬೇಕಿಲ್ಲ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಇಲ್ಲಿ ಸಹಸಂಬಂಧದ, ಅಂದರೆ ಎರಡು ಚಲಕಗಳು (ಬದಲಾಗುವ ಸಂಗತಿಗಳು) ಎಷ್ಟರ ಮಟ್ಟಿಗೆ ಜೊತೆಯಾಗಿ ಬದಲಾಗುತ್ತವೆ ಎಂದು ಅಳೆಯುವ ಭಾಗವನ್ನಷ್ಟೇ ಪರಿಶೀಲಿಸುತ್ತೇನೆ, ಏಕೆಂದರೆ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳು ಹೆಚ್ಚಾಗಿ ಎಡವುವುದು ಅಲ್ಲಿಯೇ.

ಕಡತ ತೆರೆದೊಡನೆ ಪ್ರತಿ ಕಾಲಂನ ತಲೆಯ ಮೇಲೆ ಒಂದು ಪುಟ್ಟ ಗುರುತು ಕಾಣುತ್ತದೆ: ಅಳತೆಯ ಅಂಕಿಗೆ ಅಳತೆಪಟ್ಟಿ, ಶ್ರೇಣಿಗೆ ಏರುವ ಕಂಬಗಳು, ಬರೀ ವರ್ಗಕ್ಕೆ ಮೂರು ವೃತ್ತಗಳು. ಈ ಗುರುತಿನ ಬೆಲೆ ನನಗೆ ಚೆನ್ನಾಗಿ ಗೊತ್ತು. ಹಿಂದೊಮ್ಮೆ ನಮ್ಮ ವಿದ್ಯಾರ್ಥಿನಿಯೊಬ್ಬಳು ಹಣ ಕೊಟ್ಟು ಡೇಟಾ ವಿಶ್ಲೇಷಣೆ ಮಾಡಿಸಿಕೊಂಡು ಬಂದಿದ್ದಳು. ಅಫಜಲಪುರಕ್ಕೆ 1, ಆಳಂದಕ್ಕೆ 2, ಚಿತ್ತಾಪುರಕ್ಕೆ 3 ಎಂದು ಕೊಟ್ಟಿದ್ದ ಸಂಕೇತಗಳನ್ನೇ ಅಂಕಿಗಳೆಂದು ಹಿಡಿದು, ಅವುಗಳಿಗೂ ತೊಗರಿಯ ಇಳುವರಿಗೂ ಪಿಯರ್‌ಸನ್ ಗುಣಾಂಕವನ್ನು (ನೇರ ಗೆರೆಯಂಥ ಸಂಬಂಧ ಎಷ್ಟು ಗಟ್ಟಿ ಎಂದು -1ರಿಂದ 1ರವರೆಗೆ ಹೇಳುವ ಅಂಕಿ) ಲೆಕ್ಕಹಾಕಲಾಗಿತ್ತು. ತಾಲ್ಲೂಕುಗಳ ಕ್ರಮ ಬದಲಿಸಿದರೆ ಆ ಉತ್ತರವೇ ಬದಲಾಗುತ್ತದೆ ಎಂಬುದನ್ನು ಆಕೆಗೆ ಯಾರೂ ಹೇಳಿರಲಿಲ್ಲ. ಮೂರು ವೃತ್ತಗಳ ಗುರುತು ಕಣ್ಣೆದುರಿಗಿದ್ದರೆ ಅಂಥ ತಪ್ಪಿಗೆ ಮುನ್ನ ಕೈ ಒಂದು ಕ್ಷಣವಾದರೂ ತಡೆಯುತ್ತದೆ.

ತಂತ್ರಾಂಶವನ್ನು ಪರೀಕ್ಷಿಸಲು ನಾನು ಬಳಸಿದ್ದು ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೊಂಬ್ 1973ರಲ್ಲಿ ಪ್ರಕಟಿಸಿದ ನಾಲ್ಕು ದತ್ತಾಂಶ ಗುಂಪುಗಳನ್ನು. ಒಂದೊಂದರಲ್ಲಿಯೂ 11 ಜೋಡಿಗಳಿವೆ, ನಾಲ್ಕರಲ್ಲಿಯೂ ಪಿಯರ್‌ಸನ್ ಗುಣಾಂಕ ಸುಮಾರು 0.816. ಅಂಕಿಗಳ ಬದಲು ಅವುಗಳ ಸ್ಥಾನಕ್ರಮವನ್ನಷ್ಟೇ ನೋಡುವ ಸ್ಪಿಯರ್‌ಮನ್ ಶ್ರೇಣಿ ಗುಣಾಂಕಕ್ಕೆ ಟಿಕ್ ಹಾಕಿದೊಡನೆ ಚಿತ್ರವೇ ಬೇರೆಯಾಗುತ್ತದೆ: ಎರಡನೆಯ ಗುಂಪಿನಲ್ಲಿ 0.691, ಮೂರನೆಯದರಲ್ಲಿ 0.991, ನಾಲ್ಕನೆಯದರಲ್ಲಿ 0.500. ಮೂರನೆಯದರಲ್ಲಿ ಒಂದೇ ಒಂದು ಬಿಂದು ನೇರ ಸಾಲಿನಿಂದ ಮೇಲಕ್ಕೆ ಜಿಗಿದಿದೆ. ನಾಲ್ಕನೆಯದರಲ್ಲಿ ಹತ್ತು ಬಿಂದುಗಳು ಒಂದೇ ಲಂಬ ಗೆರೆಯಲ್ಲಿ ನಿಂತಿದ್ದು, ದೂರದ ಒಂಟಿ ಬಿಂದುವೇ ಇಡೀ ಸಂಬಂಧವನ್ನು ಹೊತ್ತಿದೆ. ಪ್ರತಿ ಟಿಕ್‌ಗೂ ಬಲಗಡೆಯ ಕೋಷ್ಟಕ ತಕ್ಷಣ ಹೊಸದಾಗುವುದರಿಂದ ಮಕ್ಕಳು ಇದನ್ನು ತಾವೇ ನೋಡಿ ತಿಳಿಯುತ್ತಾರೆ.

ಎರಡನೆಯ ಗುಂಪಿನ ಬಿಂದುಗಳು ಏರಿ ಇಳಿಯುವ ಕಮಾನಿನಂತಿವೆ, ನಮ್ಮ ಜಿಲ್ಲೆಗೆ ಅದು ತೀರಾ ಹತ್ತಿರದ ಮಾತು. ಮಳೆ ಕೈಕೊಟ್ಟರೆ ತೊಗರಿ ಒಣಗುತ್ತದೆ. ಅತಿಯಾಗಿ ಸುರಿದು ಕಪ್ಪು ಮಣ್ಣಿನಲ್ಲಿ ನೀರು ನಿಂತರೆ ಬೇರು ಕೊಳೆತು ಬೆಳೆ ಹಾಳಾಗುತ್ತದೆ. ಇಂಥ ಸಂಬಂಧದಲ್ಲಿ ಏರಿಕೆ ಇಳಿಕೆಗಳು ಒಂದನ್ನೊಂದು ಅಳಿಸಿಹಾಕಿ ಗುಣಾಂಕ ಸೊನ್ನೆಯ ಬಳಿ ಬಂದು ನಿಲ್ಲಬಹುದು. ಅದನ್ನು ನೋಡಿ ಮಳೆಗೂ ತೊಗರಿಗೂ ಸಂಬಂಧವೇ ಇಲ್ಲವೆಂದು ಬರೆದ ವರದಿಯನ್ನು ನಮ್ಮ ಯಾವ ರೈತನೂ ಒಪ್ಪಲಾರ. ಆದ್ದರಿಂದಲೇ ನನ್ನ ಮುಖ್ಯ ಆಕ್ಷೇಪ: ಜಾಸ್ಪ್‌ನಲ್ಲಿ ಪಿಯರ್‌ಸನ್ ಗುಣಾಂಕ ಮೊದಲೇ ಆಯ್ಕೆಯಾಗಿರುತ್ತದೆ, ಜೋಡಿಗಳನ್ನು ಬಿಂದುಗಳಾಗಿ ತೋರಿಸುವ ಸ್ಕ್ಯಾಟರ್ ಪ್ಲಾಟನ್ನು ಮಾತ್ರ ನಾವೇ ಕೇಳಿ ಪಡೆಯಬೇಕು. ಇದು ತಿರುಗುಮುರುಗಾಗಿ ಇರಬೇಕಿತ್ತು.

ವರ್ಗಗಳ ನಡುವಿನ ನಂಟಿಗೆ ಬೇರೆ ಪುಟವಿದೆ. ಸ್ವಂತ ಜಮೀನೋ ಪಾಲಿನದೋ, ಬೆಳೆ ವಿಮೆ ಮಾಡಿಸಿದ್ದಾರೋ ಇಲ್ಲವೋ ಎಂಬಂಥ ಕೋಷ್ಟಕಕ್ಕೆ ಕೈ-ವರ್ಗದ (ನಂಟೇ ಇಲ್ಲದಿದ್ದರೆ ಬರಬೇಕಿದ್ದ ಎಣಿಕೆಗಳಿಂದ ಕಂಡ ಎಣಿಕೆಗಳು ಎಷ್ಟು ದೂರ ಎಂಬ ಅಳತೆ) ಜೊತೆಗೆ, ನಂಟಿನ ಬಲವನ್ನು 0ರಿಂದ 1ರವರೆಗೆ ಹೇಳುವ ಕ್ರೇಮರ್‌ನ ವಿ ಕೂಡ ಸಿಗುತ್ತದೆ. ಕೋಷ್ಟಕದ ಎಲ್ಲ ಎಣಿಕೆಗಳನ್ನೂ ದುಪ್ಪಟ್ಟು ಮಾಡಿದರೆ ಕೈ-ವರ್ಗವೂ ದುಪ್ಪಟ್ಟಾಗುತ್ತದೆ, ವಿ ಮಾತ್ರ ಕದಲುವುದಿಲ್ಲ. ನಂಟು ಎಷ್ಟು ಗಟ್ಟಿ ಎಂದು ಹೇಳಬೇಕಾದವರು ನೋಡಬೇಕಾದದ್ದು ಎರಡನೆಯದನ್ನು.

ಕನ್ನಡದ ಮೆನು ಇಲ್ಲದಿರುವುದು ಹಳ್ಳಿಯಿಂದ ಬಂದ ಮಕ್ಕಳಿಗೆ ನಿಜವಾದ ತೊಡಕು. ಆಯ್ಕೆಗಳ ಕನ್ನಡ ಅರ್ಥಗಳನ್ನು ಬರೆದು ಗೋಡೆಗೆ ಅಂಟಿಸಿದ್ದೇನೆ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ತೆರೆಯಲು ತುಸು ಹೊತ್ತು ಹಿಡಿಯುತ್ತದೆ. ಕಡತ ನೂರಾರು ಎಂಬಿ ಇರುವುದರಿಂದ ಮೊಬೈಲ್ ಡೇಟಾದಲ್ಲಿ ಇಳಿಸಲು ಹೋಗದೆ, ಕಾಲೇಜಿನಲ್ಲಿ ಒಮ್ಮೆ ಇಳಿಸಿ ಪೆನ್‌ಡ್ರೈವ್‌ನಲ್ಲಿ ಹಂಚಿಕೊಳ್ಳುವುದು ಲೇಸು.